ಮಾವನವರು ನಾಯಿಗೆ ಹೇಳುತ್ತಿದ್ದ ಮಾತು

ನನ್ನ ಮಾವನವರ ಹೆಗಲ ಮೇಲಿನ ವಸ್ತ್ರಕ್ಕೆ ಯಾವಾಗಲೂ ನಾಯಿಯ ಕೂದಲು ಅಂಟಿರುತ್ತಿತ್ತು. ನಾನು ಒಗೆದು ಮಡಚಿಟ್ಟದ್ದನ್ನು ಬೆಳಗ್ಗೆ ಹೆಗಲಿಗೆ ಹಾಕಿಕೊಂಡರೆ, ಹಣೆಯ ವಿಭೂತಿ ಆರುವುದರೊಳಗೆ ಅದು ಕೆಂಚು ಕೂದಲಿನಿಂದ ತುಂಬಿರುತ್ತಿತ್ತು. ಕಟ್ಟೆಯ ಮೇಲೆ ಕೂತು ಅದರಿಂದಲೇ ಮೋತಿಯ ಕಿವಿ ಒರೆಸುವರು, ಅದರಿಂದಲೇ ತಮ್ಮ ಮುಖವನ್ನೂ ಒರೆಸಿಕೊಳ್ಳುವರು.

ಮೊನ್ನೆ ನೀವು ಮೊಮ್ಮಕ್ಕಳು ನಾಯಿಮರಿ ಎತ್ತಿಕೊಂಡು ಡ್ಯಾಮಿನ ತೋಟಕ್ಕೆ ಹೋಗಿ, ಅದನ್ನು ಒಳಗೆ ಬಿಡಲಿಲ್ಲವೆಂದು ಬಾಗಿಲಿನಿಂದಲೇ ತಿರುಗಿ ಬಂದಿರಲ್ಲ, ಆಗಿನಿಂದ ಅವರ ನೆನಪು. ಬಾಯಿಯಿಂದ ಹೇಳಲು ನನಗೆ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಎಮ್ಮಿಗನೂರಿನಿಂದ ಹೊಸಪೇಟೆಯ ಈ ಮನೆಗೆ ನಾನು ಸೊಸೆಯಾಗಿ ಬಂದಾಗ ಡ್ಯಾಮಿನ ಸುದ್ದಿಯೇ ಇರಲಿಲ್ಲ. ಸೊಸೆಯಾದವಳು ಮಾವನ ಎದುರು ನಿಲ್ಲಬಾರದು, ಮಾತಾಡಬಾರದು. ಮಾವನೂ ಸೊಸೆಗೆ ನೇರವಾಗಿ ಏನೂ ಹೇಳಬಾರದು ಎಂದಿತ್ತು. ಬೇರೆ ಮನೆಗಳಲ್ಲಿ ಅತ್ತೆಯರು ನಡುವೆ ನಿಂತು ಮಾತು ದಾಟಿಸುತ್ತಿದ್ದರು. ನನ್ನ ಅತ್ತೆ ನಾನು ಬರುವ ಮೊದಲೇ ತೀರಿಹೋಗಿದ್ದರು. ಮನೆಯಲ್ಲಿದ್ದ ಇನ್ನೊಬ್ಬ ಹೆಂಗಸೆಂದರೆ ಮಾವನ ಅಕ್ಕ, ದೊಡ್ಡವ್ವ. ಅವರಿಗೆ ಕಿವಿ ಕೇಳುತ್ತಿರಲಿಲ್ಲ. ನಿಮ್ಮ ಅಜ್ಜ ಹಗಲೆಲ್ಲ ಕಬ್ಬಿನ ಗದ್ದೆಯಲ್ಲಿ. ಹೀಗಾಗಿ ಮಾವ ನಾಯಿಗೆ ಹೇಳುತ್ತಿದ್ದರು.

“ಮೋತಿ, ಇವತ್ತು ಸಾರಿಗೆ ಉಪ್ಪು ಹಾಕೋದು ಮರ್ತಾರೇನು ಕೇಳು.”

ನಾನು ಬಾಗಿಲ ಹಿಂದಿನಿಂದ, “ಮೋತಿ, ಉಪ್ಪಿನ ಗಡಿಗಿ ಅವರ ಮಗ್ಗಲಕ್ಕ ಐತಿ, ನೋಡ್ಕೊಳ್ಳಾಕ ಹೇಳು,” ಎನ್ನುತ್ತಿದ್ದೆ. ನಾಯಿಯ ಜೊತೆ ನನಗೆ ಸಂಕೋಚ ಇರಲಿಲ್ಲ.

“ಕೇಳಿದೇನ್ಲೇ ಮೋತಿ, ಎಮ್ಮಿಗನೂರಿನ ಬಾಯಿ ಇದು,” ಎಂದು ನಗುವರು. ಆ ನಗೆ ನನಗೆ ಕೇಳಿಸುತ್ತಿತ್ತು, ಕಾಣಿಸುತ್ತಿರಲಿಲ್ಲ.

ಕಾರ್ತಿಕದಲ್ಲಿ ಒಂದು ದಿನ ಕಮಲಾಪುರದ ಕೆರೆಯ ದಂಡೆಗೆ ವನಭೋಜನಕ್ಕೆ ಹೋಗಿ ನೆಲ್ಲಿ ಮರದ ಕೆಳಗೆ ಉಣ್ಣುವುದು ಮನೆಯ ಪದ್ಧತಿ. ಬಂಡಿ ಹೂಡಿದ ಮೇಲೆ ಮಾವ ಮೊದಲು ಹತ್ತಿಸುವುದು ಗಿಳಿಯ ಪಂಜರವನ್ನು, ಆಮೇಲೆ ಆಡಿನ ಮರಿಯನ್ನು, ಆಮೇಲೆ ನಮ್ಮನ್ನು. ಬಂಡಿಯ ಹಿಂದೆ ಮೋತಿ. ಹಾದಿಯಲ್ಲಿ ಯಾರಾದರೂ, “ಏನ್ರಿ ಗೌಡ್ರ, ಸಂತಿಗೆ ಹೊಂಟೀರೇನು?” ಎಂದು ಕೆಣಕಿದರೆ, “ಮನೀ ಮಂದೀನ ಬಿಟ್ಟು ನಾವಷ್ಟ ಉಂಡು ಬಂದ್ರ ಹೆಂಗ?” ಎನ್ನುವರು. ಕೆರೆಯ ದಂಡೆಯಲ್ಲಿ ಮೊದಲು ಅವಕ್ಕೆ ಹಾಕಬೇಕು. ಆಮೇಲೆಯೇ ನಮಗೆ ಎಲೆ.

ಒಂದು ವರ್ಷ ಭಾದ್ರಪದದಲ್ಲಿ ನಿಮ್ಮ ಅಜ್ಜ ಚಳಿಜ್ವರ ಬಂದು ಹೋದರು. ನಿಮ್ಮ ಅವ್ವ ಆಗ ತೊಡೆಯ ಮೇಲಿನ ಕೂಸು. ಆ ದಿನಗಳ ಬಗ್ಗೆ ಬರೆಯಲು ನನ್ನಲ್ಲಿ ಹೆಚ್ಚೇನೂ ಇಲ್ಲ. ಬಂದವರು ಅಳುತ್ತಿದ್ದರು. ನಾನು ರೊಟ್ಟಿ ಬಡಿಯುತ್ತಿದ್ದೆ. ಹಂಚು ಕೈಗೆ ತಾಗಿದ್ದು ಸ್ವಲ್ಪ ಹೊತ್ತಿನ ಮೇಲೆ ತಿಳಿಯುತ್ತಿತ್ತು. ಮಾವ ಮೋತಿಯೊಡನೆಯೂ ಮಾತು ಬಿಟ್ಟರು.

ಕಾರ್ತಿಕದ ಹೊತ್ತಿಗೆ ನನ್ನನ್ನೂ ಕೂಸನ್ನೂ ತವರಿಗೆ ಕರೆದೊಯ್ಯಲು ನನ್ನ ಅಣ್ಣ ಬಂದ. ಅವನೇನು ಕೆಟ್ಟವನಲ್ಲ. ಗಂಡನೇ ಇಲ್ಲದ ಮನೆಯಲ್ಲಿ ತಂಗಿ ಯಾಕಿರಬೇಕು ಎಂದ. ಓಣಿಯ ಹಿರಿಯರೂ ಅದೇ ಸರಿ ಎಂದರು. ಪಡಸಾಲೆಯಲ್ಲಿ ಅವರೆಲ್ಲ ಮಾತಾಡುವುದನ್ನು ನಾನು ಅಡುಗೆಮನೆಯಿಂದ ಕೇಳಿಸಿಕೊಂಡೆ, ಬೇರೆ ಯಾರದೋ ವಿಷಯ ಎಂಬಂತೆ. ಒಮ್ಮೆ ಹೋದರೆ ತಿರುಗಿ ಬರುವುದಿಲ್ಲ, ಕೂಸು ಅಪ್ಪನ ಮನೆ ಕಾಣದೆ ಸೋದರಮಾವನ ಹಂಗಿನಲ್ಲಿ ಬೆಳೆಯುತ್ತದೆ, ಅಷ್ಟು ಗೊತ್ತಿತ್ತು. ನನ್ನನ್ನು ಯಾರೂ ಕೇಳಲಿಲ್ಲ. ಕೇಳುವರೆಂದು ನಾನೂ ತಿಳಿದಿರಲಿಲ್ಲ.

ಮಾವ ಎಲ್ಲ ಕೇಳಿ, “ನಾಳಿ ಕೆರಿಗೆ ಹೋಗಿ ಬರೂನು. ಆಮ್ಯಾಲೆ ನೋಡಿದ್ರಾತು,” ಎಂದರು.

“ಸಾವಾದ ವರ್ಷ ವನಭೋಜನ ಏನ್ರಿ ಮಾವಾರ?” ಎಂದ ಅಣ್ಣ.

“ಹಂಗಾರ ಆಡಿಗೆ ನೀನ ಹೇಳಪಾ, ಈ ವರ್ಷ ಇಲ್ಲಂತ.”

ಮರುದಿನ ಎಲ್ಲರೂ ಹೋದೆವು. ಕೆರೆ ತುಂಬಿತ್ತು. ಪ್ರಾಣಿಗಳಿಗೆ ಹಾಕಿದ್ದಾಯಿತು. ನಾನು ಮರದ ಹಿಂದೆ ಕೂತು ಬುತ್ತಿಯ ಗಂಟು ಬಿಚ್ಚುತ್ತಿದ್ದೆ. ಮಾವ ನನಗೆ ಬೆನ್ನು ಮಾಡಿ ನೀರಿನ ಕಡೆ ಮುಖ ಮಾಡಿ ಕೂತಿದ್ದರು. ಗಂಟಲು ಸರಿಮಾಡಿಕೊಂಡು ಹೇಳಿದರು:

“ಮೋತಿ, ಅಕೀನ್ನ ಕೇಳು. ಇಲ್ಲೇ ಇರ್ತಾಳೋ, ಅಣ್ಣನ ಸಂಗಾಟ ಹೋಗ್ತಾಳೋ.”

“ಅಕೀನ್ನೇನು ಕೇಳೋದು ಮಾವಾರ? ನಾ ಬಂದೀನಲ್ಲ, ಕರ್ಕೊಂಡು ಹೋಗ್ತೀನಿ,” ಎಂದ ಅಣ್ಣ.

“ನಿನ್ನ ಕೇಳಿಲ್ಲಪಾ. ನಾಯಿನ್ನ ಕೇಳೀನಿ.”

ಮೋತಿ ಅಲ್ಲಿರಲಿಲ್ಲ. ಬಾತುಕೋಳಿಗಳ ಬೆನ್ನು ಹತ್ತಿ ನೀರಿಗಿಳಿದು ದೂರ ಹೋಗಿತ್ತು, ತಲೆ ಮಾತ್ರ ಕಾಣುತ್ತಿತ್ತು. ಅದು ಮಾವನಿಗೂ ಕಾಣುತ್ತಿತ್ತು. ಕಂಡೂ ಕೇಳಿದ್ದರು.

ಏನೂ ಕೇಳಿಸದ ದೊಡ್ಡವ್ವ ಗಿಳಿಗೆ ಪೇರಲ ಹಣ್ಣು ತಿನ್ನಿಸುತ್ತಿದ್ದರು. ಸುಮ್ಮನಿರು ಎಂಬಂತೆ ಅಣ್ಣ ನನ್ನ ಕಡೆ ನೋಡಿದ. ಮೋತಿ ಬರಲಿ ಎಂದು ನಾನು ಕಾದೆ. ಅದು ಬರಲಿಲ್ಲ.

“ಇಲ್ಲೇ ಇರ್ತೀನ್ರಿ ಮಾವ,” ಎಂದೆ.

ಮಾವ ತಿರುಗಲಿಲ್ಲ. ವಸ್ತ್ರ ತೆಗೆದು ಮುಖ ಒರೆಸಿಕೊಂಡರು, ಬಹಳ ಹೊತ್ತು. ಆಮೇಲೆ ಮೋತಿ ಬಂದು ಮೈ ಕೊಡವಿ ಬುತ್ತಿಯ ಮೇಲೆಲ್ಲ ನೀರು ಸಿಡಿಸಿತು. “ತಡ ಮಾಡಿದ್ಯಲ್ಲಲೇ. ಅಕೀನ ಹೇಳಿದ್ಲು ಬಿಡು,” ಎಂದು ಅದರ ಕಿವಿ ಒರೆಸಿದರು.

ಯಾಕೆ ಹಾಗೆಂದೆನೋ ಇವತ್ತಿಗೂ ಗೊತ್ತಿಲ್ಲ. ಆಗ ನನಗೆ ಈ ಮನೆಯ ಮೇಲೂ ಪ್ರೀತಿ ಇರಲಿಲ್ಲ, ತವರಿನ ಮೇಲೂ ಇರಲಿಲ್ಲ. ಕೇಳಿದರು, ಹೇಳಿದೆ. ಆ ದಿನ ಊಟ ಮಾಡಿದ್ದು ನೆನಪಿದೆ, ರುಚಿ ನೆನಪಿಲ್ಲ.

ಆಮೇಲೆ ಮತ್ತೆ ಮೊದಲಿನಂತೆ ಮೋತಿಯ ಮೂಲಕವೇ ಮಾತು. ಮೋತಿ ಸತ್ತ ಮೇಲೆ ಮಾವ ಪಡಸಾಲೆಯ ಕಂಬಕ್ಕೆ ಹೇಳತೊಡಗಿದರು. ಬೇರೆ ನಾಯಿ ತರಲಿ ಎಂದು ನಾನು ಕಂಬಕ್ಕೆ ಹೇಳಿದರೆ, “ಕಂಬಾನ ಚಲೋ. ಕೆರಿಗೆ ಹಾರಂಗಿಲ್ಲ,” ಎಂದರು. ನಿಮ್ಮ ಅವ್ವ ಅವರ ಪಕ್ಕದಲ್ಲಿ ಆ ಕಂಬ ಹಿಡಿದುಕೊಂಡೇ ನಿಲ್ಲುವುದನ್ನು ಕಲಿತಳು, ಈ ಮನೆಯಲ್ಲೇ ಬೆಳೆದಳು, ಇಲ್ಲಿಂದಲೇ ಮದುವೆಯಾಗಿ ಹೋದಳು.

ಅವರು ಹಾಸಿಗೆ ಹಿಡಿದದ್ದು ಒಳಮನೆಯಲ್ಲಿ. ಅಲ್ಲಿ ಕಂಬವಿರಲಿಲ್ಲ. ಒಂದು ಮಧ್ಯಾಹ್ನ, “ನೀರು ಕೊಡವ್ವಾ,” ಎಂದರು. ನಾನು ಅಭ್ಯಾಸದಿಂದ ಹಿಂದಕ್ಕೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಕುಡಿಸಿದೆ. ಹೊತ್ತು ಮುಳುಗುವುದರೊಳಗೆ ಹೋದರು. ಆಗಲೂ ನನಗೆ ಅಳು ಬರಲಿಲ್ಲ. ಅವರ ವಸ್ತ್ರ ಒಗೆದು ಒಣಹಾಕಿದೆ. ಅದರಲ್ಲಿ ಒಂದು ಕೂದಲೂ ಇರಲಿಲ್ಲ.

ಮಣ್ಣು ಕೊಟ್ಟು ಬಂದ ಮೇಲೆ ಅಣ್ಣ ಅಡುಗೆಮನೆಯ ಬಾಗಿಲಲ್ಲಿ ನಿಂತ. ಅವನ ತಲೆಯೂ ನರೆತಿತ್ತು. “ಏನು ಮಾಡ್ತೀಯವ್ವ? ನಮ್ಮೂರಿಗೆ ಬರ್ತೀಯೋ, ಇಲ್ಲೇ ಇರ್ತೀಯೋ?” ಎಂದು ಕೇಳಿದ.

ಕೇಳಿ, ನಾನು ಹೇಳುವವರೆಗೂ ಕಾದು ನಿಂತ.