ಬಾಂಡ್ ಮಾರುವ ಮುಂಚೆ

ನೀರಿನ ಯೋಜನೆಗೆ ಮನೆ ಎಣಿಸಲು ಬಂದವರಿಗೆ ನನ್ನ ಮಾವ "ನಮ್ಮದು ಒಂದ ಮನಿ" ಎಂದು ಬರೆಸಿ ಕಳಿಸಿಬಿಟ್ಟಿದ್ದರು. ಗೊತ್ತಾದಾಗ ನನಗೆ ಮೈಯೆಲ್ಲ ಉರಿಯಿತು. ಒಂದೇ ಮನೆಯಂತೆ! ಮೂಡಲಗಿ ಕಡೆಯ ನಮ್ಮ ಮಸಗುಪ್ಪಿಯಲ್ಲಿ, ಆ ಒಂದೇ ಬಾಗಿಲಿನ ಒಳಗೆ, ಮಾವನ ಗಂಡುಮಕ್ಕಳು ಮೂವರೂ ಬೇರೆಯಾಗಿ ಮೂರು ಒಲೆ ಹೂಡಿ ಆರು ವರ್ಷವಾಗಿತ್ತು. ಮನೆ ಒಡೆದಿದೆ ಎಂದು ಹೊರಗಿನವರ ಮುಂದೆ ಹೇಳಲು ನಮ್ಮ ಕಡೆ ಹಿರಿಯರಿಗೆ ಬಾಯಿ ಬರುವುದಿಲ್ಲ. ಓಣಿಯ ಎಷ್ಟೋ ಮಂದಿ ಹಾಗೇ ಬರೆಸಿದ್ದರು.

ಅರಭಾವಿ ಮೇಲೆ ಹೋಗುವ ಬಸ್ಸು ಹಿಡಿದು ಗೋಕಾಕದ ಕಚೇರಿಗೆ ಹೋದೆ. ಎಂಜಿನಿಯರು ಕೂರಿಸಿ ತಿಳಿಸಿದರು. ಹುಕ್ಕೇರಿ ಕಡೆಯ ಜಲಾಶಯದಿಂದ ನಮ್ಮೂರಿಗೆ ಪೈಪು ತರಲು ಸರ್ಕಾರ ಬಾಂಡ್ ಎಂಬ ಸಾಲಪತ್ರ ಮಾರಿ ಹಣ ಎತ್ತುತ್ತದೆ. ಮನೆಗೊಂದೇ ನಳ, ಹಾಗಾಗಿ ಎಷ್ಟು ಎತ್ತಬೇಕೆಂಬುದು ಈ ಮನೆಗಳ ಪಟ್ಟಿಯ ಮೇಲೆ ನಿಂತಿದೆ.

"ಒಮ್ಮೆ ಬಾಂಡ್ ಮಾರಿದ್ರ ಮುಗೀತು ಅಕ್ಕಾರ. ಆಮ್ಯಾಲೆ ಇನ್ನೊಂದು ನಳ ಕೊಡ್ರಿ ಅಂದ್ರ ರೊಕ್ಕ ಎಲ್ಲಿಂದ ತರೋದ್ರಿ? ಸೋಮವಾರ ಗ್ರಾಮಸಭಾ ಐತಿ. ಮನಿ ಹಿರ್ಯಾರ ಬಂದು ಬಾಯ್ಬಿಟ್ಟು ಹೇಳಿದ್ರ ತಿದ್ದತೇನಿ."

ಮಾವನ ಬಾಯಿಂದ ಆ ಮಾತೇ! ನಾಲ್ಕು ದಿನ ನಾನು ಅವರ ಬೆನ್ನು ಬಿಡಲಿಲ್ಲ.

"ಮಾವಾರ, ಮೂರು ಮಂದಿ ಸೊಸ್ತೇರು ಒಂದ ನಳದ ಮುಂದ ಕೊಡಾ ಹಿಡ್ಕೊಂಡು ಜಗಳಾಡಿದ್ರ ಓಣಿ ಮಂದಿ ನಗೂದಿಲ್ಲೇನ್ರಿ? ಆಗ ಮರ್ಯಾದಿ ಎಲ್ಲಿರತೈತಿ?"

"ಸಾಕ ಮಾಡವ್ವಾ," ಎಂದು ಎದ್ದು ಹೋಗುತ್ತಿದ್ದರು. ನಾನೂ ಹಿಂದೆಯೇ ಹೋಗುತ್ತಿದ್ದೆ. ನನ್ನ ಹಟ ಎಂಥದೆಂದು ತವರಿನವರನ್ನು ಕೇಳಬೇಕು.

ಸೋಮವಾರ ಮಾವ ರುಮಾಲು ಸುತ್ತಿಕೊಂಡು ಸಭೆಗೆ ಬಂದರು. ಅವರ ಸರದಿ ಬಂದಾಗ ಎದ್ದು ನಿಂತರು.

"ಮಕ್ಕಳು ಬ್ಯಾರೆ ಆಗ್ಯಾರ್ರಿ. ಮೂರು ಒಲಿ ಅದಾವು. ಮೂರು ನಳ ಬರಕೋರಿ."

ಆಮೇಲೆ ಬಾಜೂ ಮನೆಯ ಅಜ್ಜ ಎದ್ದರು, ಅವರ ಹಿಂದೆ ಇನ್ನೊಬ್ಬರು. ಗೆದ್ದೆನಲ್ಲಾ ಎಂದು ನನಗೆ ಕುಣಿಯುವಷ್ಟು ಖುಷಿಯಾಯಿತು.

ಎಂಜಿನಿಯರು ಬರೆಯುತ್ತಲೇ ಕೇಳಿದರು: "ಮತ್ತ ನಿಮ್ಮ ಹೆಸರು ಯಾವ ಒಲಿಗೆ ಹಚ್ಚಲ್ರಿ, ಯಜಮಾನ್ರ?"

ಅತ್ತೆ ತೀರಿಕೊಂಡ ಮೇಲೆ ಮಾವ ಒಂದೊಂದು ತಿಂಗಳು ಒಬ್ಬೊಬ್ಬ ಮಗನ ಕಡೆ ಉಣ್ಣುತ್ತಿದ್ದರು. ಅವರು ಮಕ್ಕಳ ಕಡೆ ತಿರುಗಿದರು. ಮೂವರು ಮಕ್ಕಳೂ ನೆಲ ನೋಡಿದರು, ನನ್ನ ಗಂಡನೂ ಸೇರಿ. ನಾಲ್ಕು ದಿನ ಅವರನ್ನು ಕಾಡಿದ ನನಗೆ ಈ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ಬಹಳ ನಾಚಿಕೆಯಾಯಿತು.

"ನಮ್ಮ ಒಲಿಗೆ ಬರಕೋರಿ, ಸಾಹೇಬ್ರ," ಎಂದೆ. "ಹನ್ನೆರಡೂ ತಿಂಗಳು."