ಎಡ ಹಿಂದಿನ ಗಂಟೆ

ನೀರು ಹಿಡಿದಿಟ್ಟೆ. ಅತ್ತೆಯ ಕಾಲಿಗೆ ಎಣ್ಣೆ ಹಚ್ಚಿದೆ. ಮೆಣಸಿನಕಾಯಿ ಬಿಸಿಲಿಗೆ ಹರವಿದೆ. ಜೀನ್ಸ್ ಪ್ಯಾಂಟುಗಳಿಗೆ ಜೇಬು ಹೊಲಿದು, ದಾರದ ತುದಿ ಕತ್ತರಿಸಿ, ಕಟ್ಟು ಕಟ್ಟಿ ಬಾಗಿಲ ಬಳಿ ಇಟ್ಟೆ. ಆಮೇಲೆ ಮಿಷನ್ ನಿಲ್ಲಿಸಿದೆ. ಪಕ್ಕದ ಕೋಣೆಯಲ್ಲಿ ನಮ್ಮ ಮನೆಯವರು ಕೆಲಸಕ್ಕೆ ಕೂತಿದ್ದರು.

ಬೆಂಗಳೂರಿನ ಗಾರ್ಮೆಂಟ್ಸ್ ಬಿಟ್ಟು ರಾಯದುರ್ಗಕ್ಕೆ ಬಂದ ಹೊಸತು. ಅಲ್ಲಿ ನಾನು ಹೊಲಿಯುತ್ತಿದ್ದ ಕಾಲಕ್ಕೆ ಅವರು ಸ್ಟುಡಿಯೋ ಒಂದರಲ್ಲಿ ಸಿನಿಮಾಕ್ಕೆ ಶಬ್ದ ಕೂಡಿಸುವುದನ್ನು ಕಲಿತಿದ್ದರು. ಇಲ್ಲಿ ಕೋಣೆಯ ಸುತ್ತಲೂ, ತಲೆಯ ಮೇಲೂ ಸ್ಪೀಕರ್ ಕಟ್ಟಿ, ಗೋಡೆಗೆ ಜೀನ್ಸ್ ಚಿಂದಿ ತುಂಬಿದ ಚೀಲ ಆನಿಸಿದ್ದರು. ಎಲ್ಲ ಶಬ್ದವೂ ಕೊನೆಗೆ ಒಟ್ಟಾಗಿ ಹಾಯುವ ದಾರಿಗೆ ಮಾಸ್ಟರ್ ಬಸ್ ಅನ್ನುತ್ತಾರೆ. ಅಲ್ಲಿ ಲಿಮಿಟರ್ ಎಂಬುದನ್ನು ಹಾಕಿದರೆ, ಶಬ್ದ ಗೆರೆ ದಾಟದಂತೆ ಅದುಮಿ ಹಿಡಿಯುತ್ತದೆ.

ಮಡಕಶಿರಾ ಕಡೆಯ ನಮ್ಮ ಅತ್ತೆ, "ಕಟಿಂಗ್ ಮಾಸ್ಟರ್ ಗೊತ್ತು, ಇದ್ಯಾವುದಪ್ಪ ಮಾಸ್ಟರ್ ಬಸ್ಸು? ನಮ್ಮೂರಿಗೆ ಹೋಗ್ತೈತಾ?" ಎಂದು ಮಗನನ್ನು ರೇಗಿಸುತ್ತಿದ್ದರು.

ಅವತ್ತು ಕುರಿಮಂದೆಯ ದೃಶ್ಯ. ಮುಂದಿನ ಸ್ಪೀಕರಿನಲ್ಲಿ ಡೊಳ್ಳು, ಹಿಂದಿನ ಎಡ ಸ್ಪೀಕರಿನಲ್ಲಿ ಒಂದು ಕುರಿಯ ಗಂಟೆ. ಡೊಳ್ಳು ಬಡಿದಾಗಲೆಲ್ಲ ಲಿಮಿಟರ್ ಗಂಟೆಯನ್ನೂ ಜೊತೆಗೆ ಅದುಮುತ್ತದೆಂದು, ಒಂದೊಂದು ಸ್ಪೀಕರನ್ನೂ ಬೇರೆಯಾಗಿ ಹಿಡಿಯುವಂತೆ ಅದನ್ನು ಬದಲಿಸಿದರು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಗಂಟೆ ಕೇಳ್ತೈತೇನೆ?" ಎಂದರು.

"ಚಲೋ ಕೇಳ್ತೈತ್ರಿ."

"ಇಲ್ಲ ಕಣೆ, ಕಮ್ಮಿ ಐತೆ."

ಏರಿಸಿದರು. ಪರದೆಯ ಮೇಲೆ ಶಬ್ದದ ಮಟ್ಟ ತೋರಿಸುವ ಪಟ್ಟಿ ಕೆಂಪಾಯಿತು. ನಾನು ಕಿವಿ ಮುಚ್ಚಿಕೊಂಡೆ.

"ಇನ್ನೂ ಕಮ್ಮಿ."

"ಯಾಕ್ರಿ, ಕಿವಿ ಹರಿಯಂಗ ಐತಿ."

ಸ್ಪೀಕರ್ ಕೆಟ್ಟಿರಬೇಕೆಂದು ಅದನ್ನೇ ಬದಲಿಸಿದರು. ಮತ್ತೆ ಅದೇ ಮಾತು. ಆಮೇಲೆ ಏನು ಹೊಳೆಯಿತೋ, ಕುರ್ಚಿಯನ್ನು ಹಿಂದಿನ ಗೋಡೆಯತ್ತ ತಿರುಗಿಸಿ ಕೂತರು. ಈಗ ಗಂಟೆ ಅವರ ಬಲಗಿವಿಯ ಕಡೆಗಿತ್ತು.

"ಈಗ ಕೇಳ್ತೈತೆ," ಎಂದರು ಮೆಲ್ಲಗೆ.

ಈಚೆಗೆ ಮಿಷನ್ ಸದ್ದಿಗೆ ಅವರು ಗೊಣಗಿಯೇ ಇರಲಿಲ್ಲ ಎಂಬುದು ಆಗ ನೆನಪಾಯಿತು. ಕಿವಿ ಹೋದರೆ ಈ ಕೋಣೆಯಲ್ಲಿ ಅವರಿಗೆ ಏನು ಕೆಲಸ?

ಬಾಗಿಲಲ್ಲಿ ಅತ್ತೆ, "ಯಾಕೋ ಸುಮ್ನಾದೆ? ಬಸ್ಸು ಕೆಟ್ಟೋಯ್ತಾ?" ಎಂದರು.

"ಹೂಂ ಕಣಮ್ಮ. ನಾಳೆ ಬಳ್ಳಾರಿಗೋಗಿ ತೋರಿಸ್ಕೊಂಡು ಬರ್ತೀವಿ."

ಅತ್ತೆ ನಕ್ಕರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ರಾತ್ರಿ ಮುದ್ದೆ, ಹುರುಳಿಕಾಳಿನ ಸಾರು. ಅವರು ಅರ್ಧಕ್ಕೇ ಕೈ ತೊಳೆದರು. ಮೊದಲು ಮಲಗಿದ್ದೂ ಅವರೇ, ಬಲಗಿವಿಯನ್ನು ದಿಂಬಿಗೆ ಒತ್ತಿಕೊಂಡು. "ಏನ್ರೀ," ಎಂದೆ. ಹೊರಳಲಿಲ್ಲ. ನಿದ್ದೆ ಹತ್ತಿರಬೇಕು ಅಂದುಕೊಂಡೆ. ಇನ್ನೊಮ್ಮೆ ಕರೆಯಲು ಧೈರ್ಯ ಬರಲಿಲ್ಲ.