ಕೀ ಒಳಗಿಲ್ಲದ ಪಾಚಿ

ಶರಣಪ್ಪ ಸರ್ ಯಾವ ಪ್ರಶ್ನೆಗೂ ಉತ್ತರಿಸುವ ಮುನ್ನ ಅಂಗಿಯ ಜೇಬು ಮುಟ್ಟಿಕೊಳ್ಳುತ್ತಿದ್ದರು. ಅಲ್ಲಿ ಆ ವಾರದ ಪರೀಕ್ಷೆಯ ಕೀ, ಅಂದರೆ ಸರಿಯುತ್ತರಗಳ ಹಾಳೆ, ಮಡಿಚಿಕೊಂಡು ಕುಳಿತಿರುತ್ತಿತ್ತು. ಆಯುಷ್ಯವಿಡೀ ಜೀವಶಾಸ್ತ್ರ ಕಲಿಸಿದ ಮನುಷ್ಯನ ಸಮಸ್ತ ಜ್ಞಾನವೂ ಅಂಗಿ ಒಗೆಯುವಾಗ ತೆಗೆದಿಡಬೇಕಾದಂಥದ್ದು.

ನಾರಾಯಣಗೂಡದ ಆ ಕೋಚಿಂಗ್ ಸೆಂಟರಿನಲ್ಲಿ ನಾನು ಅವರ ಸಹೋದ್ಯೋಗಿ. ಪ್ರಶ್ನೆ ಕೇಳಿದ ಮಗುವಿನ ಪಕ್ಕ ಶಿಕ್ಷಕರೇ ಬಂದು ಕೂರುತ್ತಿದ್ದ ಶಾಲೆಯಲ್ಲಿ ಓದಿದ ನನಗೆ ಅಲ್ಲಿನ ಒಂದೊಂದು ನಿಯಮವೂ ಅನ್ಯಾಯವಾಗಿ ಕಂಡಿತು; ಇಂದಿಗೂ ಹಾಗೆಯೇ ಕಾಣುತ್ತದೆ. ಭಾನುವಾರ ಪರೀಕ್ಷೆ. ಸೋಮವಾರ, ಅಂಕ ಕಡಿಮೆಯಾದವರು ಎಲ್ಲರೆದುರು ಚೀಲ ಎತ್ತಿಕೊಂಡು ಎ ಬ್ಯಾಚಿನಿಂದ ಸಿ ಬ್ಯಾಚಿಗೆ ನಡೆಯಬೇಕು. ಸಿ ಬ್ಯಾಚಿಗೆ ಶಿಕ್ಷಕರಿಲ್ಲ, ಪರದೆಯ ಮೇಲೆ ವಿಡಿಯೊ ಮಾತ್ರ. ಶುಲ್ಕ ಮಾತ್ರ ಒಂದೇ. ಈ ಮೆರವಣಿಗೆಯನ್ನು ಆರಂಭಿಸಿದವರು ಶರಣಪ್ಪನವರು. ಅದನ್ನು ಶಿಸ್ತು ಎನ್ನುತ್ತಿದ್ದರು.

ಯಾದಗಿರಿ ಕಡೆಯ ಸವಿತಾ ಸಿ ಬ್ಯಾಚಿಗೆ ಇಳಿದದ್ದು ಒಂದೇ ಉತ್ತರದಿಂದ. ಗಾಳಿಯ ಸಾರಜನಕವನ್ನು ಬಳಕೆಗೆ ತರುವ ಅಂಗ ಯಾವ ಪಾಚಿಯ ಕೋಶದಲ್ಲೂ ಇಲ್ಲ, ಸರಿಯೋ ತಪ್ಪೋ? ಸವಿತಾ ತಪ್ಪು ಎಂದು ಬರೆದಳು; ಕೀಯಲ್ಲಿ ಸರಿ ಎಂದಿತ್ತು. ಅವಳು ಬರೆದದ್ದೇ ಸತ್ಯ. ಕಡಲಿನ ಒಂದು ಸೂಕ್ಷ್ಮಪಾಚಿ ಕೋಟ್ಯಂತರ ವರ್ಷಗಳ ಹಿಂದೆ ಒಂದು ಬ್ಯಾಕ್ಟೀರಿಯಾವನ್ನು ಒಳಗಿಟ್ಟುಕೊಂಡಿತು. ಬಂದದ್ದು ಕ್ರಮೇಣ ಕೋಶದ ಅಂಗವೇ ಆಯಿತು: ಪಾಚಿ ಎರಡಾದಾಗ ತಾನೂ ಎರಡಾಗುತ್ತದೆ, ಪಾಚಿ ಕೊಟ್ಟ ಪ್ರೋಟೀನು ಪಡೆದು ಸಾರಜನಕವನ್ನು ಅಮೋನಿಯಾ ಮಾಡಿಕೊಡುತ್ತದೆ. ನೈಟ್ರೋಪ್ಲಾಸ್ಟ್ ಎಂದು ವಿಜ್ಞಾನಿಗಳು ಅದಕ್ಕೆ ಹೆಸರಿಟ್ಟಿದ್ದಾರೆ.

ಈ ಸಂಶೋಧನೆಯ ಲೇಖನವನ್ನು ನಾನು ಸ್ಟಾಫ್ ರೂಮಿಗೆ ಒಯ್ದು ಅವರ ಮುಂದಿಟ್ಟೆ. ಅವರು ಇರಾನಿ ಚಹಾದಲ್ಲಿ ಬಿಸ್ಕತ್ತು ಅದ್ದಿ, ಜೇಬು ಮುಟ್ಟಿಕೊಂಡರು.

"ಮೇಡಂ, ಇದು ಕೀ ಒಳಗ ಐತೇನ್ರಿ?"

"ಸಮುದ್ರದಲ್ಲಿದೆ, ಸರ್."

"ಕೀ ಒಳಗ ಇಲ್ಲಂದ್ರ ಸಮುದ್ರದಾಗೂ ಇಲ್ಲ. ನೀವು ಪಾಚಿ ಹಿಡ್ಕೊಂಡು ಜಗಳ ಮಾಡಾಕತ್ತೀರಿ, ನಾ ಸೆಂಟರ್ ನಡಸಾಕತ್ತೀನಿ. ಒಬ್ಬಾಕೀನ ವಾಪಸ್ ಕರದ್ರ ನಾಳೆ ಎಲ್ಲಾರೂ ಕೀ ತಪ್ಪೈತಿ ಅಂತಾರ."

ಸತ್ಯಕ್ಕೆ ಅವರು ಹೆದರಿದ್ದು ಅದು ಸುಳ್ಳೆಂದಲ್ಲ, ಅದು ಅಂಟುರೋಗವೆಂದು. ಆಡಳಿತದವರಿಗೆ ದೂರು ಕೊಟ್ಟೆ. ಅವರೂ ಕೀ ನೋಡಿ ಆಗದೆಂದು ತಲೆಯಾಡಿಸಿದರು. ಸವಿತಾ ಪರದೆಯ ಮುಂದೆಯೇ ಉಳಿದಳು.

ಚಳಿಗಾಲ ಮುಗಿಯುವಷ್ಟರಲ್ಲಿ ಶರಣಪ್ಪನವರಿಗೆ ಮಾದಾಪುರದ ಹೊಸ ಶಾಖೆ ಸಿಕ್ಕಿತು. ಬೀಳ್ಕೊಡುಗೆಗೆ ಎಲ್ಲ ಬ್ಯಾಚುಗಳನ್ನೂ ಒಂದೇ ಹಾಲ್‌ನಲ್ಲಿ, ಎ ಮುಂದೆ, ಸಿ ಹಿಂದೆ, ಕೂಡಿಸಿದ್ದರು. ಕೊರಳ ತುಂಬ ಚೆಂಡುಹೂವಿನ ಹಾರ ಹಾಕಿಕೊಂಡು ಅವರು ಮೈಕು ಹಿಡಿದರು.

"ಸೈನ್ಸ್ ಭಾಳ ಮುಂದ ಹೋಗೈತಿ. ನೈಟ್ರೋಪ್ಲಾಸ್ಟ್ ಅಂತ ಒಂದೈತಿ, ಸಮುದ್ರದ ಪಾಚಿ ಒಳಗ. ಹೊಸ ಶಾಖೆದಾಗ ಅದನ್ನ ಮೊದಲ ಪಾಠ ಮಾಡಾಂವ ನಾನು!"

ಚಪ್ಪಾಳೆ ನಿಂತ ಮೇಲೆ ಹಿಂದಿನ ಸಾಲಿನಿಂದ ಸವಿತಾ ಎದ್ದಳು.

"ಸರ್, ಅದು ಕೀ ಒಳಗ ಬಂತೇನ್ರಿ?"

ಅವರ ಕೈ ರೂಢಿಯಂತೆ ಜೇಬಿನತ್ತ ಹೋಯಿತು. ಹಾರ ಅಡ್ಡ ಬಂತು.

"ಕೂಡು" ಎಂದರು.

ಅವಳು ಕೂಡಲಿಲ್ಲ. ಚೀಲ ಎತ್ತಿಕೊಂಡು, ಎಲ್ಲರೆದುರು ನಡೆದು, ಎ ಬ್ಯಾಚಿನ ಮೊದಲ ಬೆಂಚಿನಲ್ಲಿ ಕುಳಿತಳು. ಶರಣಪ್ಪ ಸರ್ ಅವರನ್ನು ನಾನು ಕೊನೆಯದಾಗಿ ಕಂಡದ್ದು ಹಾಗೆ: ಹೂವಿನೊಳಗೆ ಜೇಬು ಹುಡುಕುತ್ತ.